ಹದಿನೆಂಟು ವೋಲ್ಟಿನ ಭಾವಮೈದ

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಇದು ಮೊದಲ ಸಲವಲ್ಲ. ಒಮ್ಮೆ ಪೆನ್ನು ಸರಿಯಿಲ್ಲ ಎಂದು ಎದ್ದೆ. ಇನ್ನೊಮ್ಮೆ ಕನ್ನಡಕ ಸರಿಯಿಲ್ಲ ಎಂದೆ. ಮತ್ತೊಮ್ಮೆ ಎರಡೂ ಸರಿಯಾಗಿದ್ದವು, ಆಗ ಕಾಫಿ ಕುಡಿಯುವ ಮನಸ್ಸಾಯಿತು! ಮುಂದೂಡುವವನಿಗೆ ನೆಪಗಳಿಗೆ ಬರವುಂಟೆ? ಈಗ ಎಪ್ಪತ್ತು ದಾಟಿದೆ. ಇನ್ನೂ ಮುಂದೂಡಿದರೆ ನನ್ನನ್ನೇ ಹೊತ್ತುಕೊಂಡು ಹೋಗಿಬಿಡುತ್ತಾರೆ, ಮಾತು ಇಲ್ಲೇ ಉಳಿಯುತ್ತದೆ. ಆದ್ದರಿಂದ ಹೇಳಿಬಿಡುತ್ತೇನೆ: ಈ ಭೂಮಂಡಲದಲ್ಲಿ ಎಲ್ಲರಿಗೂ ಸಾಕಾಗಿದ್ದ ಒಂಬತ್ತು ವೋಲ್ಟು ನನ್ನ ಭಾವಮೈದನೊಬ್ಬನಿಗೆ ಮಾತ್ರ ಸಾಕಾಗುತ್ತಿರಲಿಲ್ಲ!

ಅವನ ಹೆಸರನ್ನು ಈಗಲೇ ಹೇಳುವುದಿಲ್ಲ. ಹೇಳಿದರೂ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ಹುಣಸೂರಿನಿಂದ ರಾವಂದೂರಿನವರೆಗೆ ಅವನನ್ನು ಜನ ಕರೆಯುವುದು 'ಹದಿನೆಂಟು ವೋಲ್ಟು' ಎಂದೇ. ಆ ನಾಮಕರಣ ಮಾಡಿದ ಪುರೋಹಿತ ನಾನೇ. ದಕ್ಷಿಣೆ ತೆಗೆದುಕೊಂಡಿಲ್ಲ ಎನ್ನುವುದೊಂದೇ ಸಮಾಧಾನ.

ಕ್ಯಾಸೆಟ್ಟುಗಳ ಕಾಲ ಅದು. ಹುಣಸೂರಿನಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿಯಿತ್ತು. ಮದುವೆಯಿರಲಿ, ಚುನಾವಣೆಯಿರಲಿ, ರಾಜ್ಯೋತ್ಸವವಿರಲಿ, ಸುತ್ತಮುತ್ತ ಯಾರು ಕೂಗಬೇಕಾದರೂ ನನ್ನ ಹಾರ್ನಿನ ಮೂಲಕವೇ ಕೂಗಬೇಕಿತ್ತು. ಹೈಸ್ಕೂಲು ಮುಗಿಸಿದವನು ಶಬ್ದ ಮಾರಿ ಸಂಸಾರ ಸಾಕುತ್ತಿದ್ದೇನೆ ಎಂಬ ಜಂಬವೂ ಇತ್ತು. ರಾವಂದೂರಿನಲ್ಲಿದ್ದ ನನ್ನ ಹೆಂಡತಿಯ ತಮ್ಮ ಗಿಟಾರು ಬಾರಿಸುತ್ತಿದ್ದ. ಎಲ್ಲಿ ಆರ್ಕೆಸ್ಟ್ರಾ ಇದ್ದರೂ ಕರೆಯದಿದ್ದರೂ ಹೋಗುತ್ತಿದ್ದ. ಮನೆಯವರು ಹೊಲ ಉಳುವ ಹೊತ್ತಿಗೆ ಇವನು ಹಟ್ಟಿಯ ಮುಂದೆ ಕುಳಿತು ತಂತಿ ಬಿಗಿಯುತ್ತಿದ್ದ. ಯಾವ ಯಂತ್ರವೂ ಬೇಡ, ಯಾರನ್ನೂ ಕೇಳಬೇಕಿಲ್ಲ. ತಂತಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಬಿರಡೆಯನ್ನು ಒಂದಿಷ್ಟು ತಿರುಗಿಸಿ, "ಈಗ ಕೂತ್ಕೊಂತು" ಎನ್ನುತ್ತಿದ್ದ. ಏನು ಕೂತಿತು, ಎಲ್ಲಿ ಕೂತಿತು ಎಂದು ನಮಗ್ಯಾರಿಗೂ ಗೊತ್ತಾಗುತ್ತಿರಲಿಲ್ಲ!

ಒಮ್ಮೆ ಕುಶಾಲನಗರದ ಕಡೆ ಒಂದು ಮದುವೆಯಲ್ಲಿ ಬಾರಿಸಲು ಹೋದವನು ಅಂಗೈಯಗಲದ ಕಬ್ಬಿಣದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. ಬದನೆಕಾಯಿ ಬಣ್ಣ, ಮೂರು ಗುಂಡಿ, ಕೆಳಗೊಂದು ಕಾಲಲ್ಲಿ ಒತ್ತುವ ಸ್ವಿಚ್ಚು. ಅಲ್ಲಿನ ಕೊಡವರ ಹಿರಿಯರೊಬ್ಬರು, ಹರೆಯದಲ್ಲಿ ಗಿಟಾರು ಬಾರಿಸುತ್ತಿದ್ದವರಂತೆ, ಅವನಿಗೆ ಕೊಟ್ಟದ್ದು. ಬದಲಿಗೆ ಇವನು ಕೊಟ್ಟದ್ದು ಕೈಗಡಿಯಾರ. ಆ ಗಡಿಯಾರ ಕೊಡಿಸಿದವನು ನಾನು!

"ಏನ್ಲಾ ಇದು?"

"ಓವರ್‌ಡ್ರೈವ್ ಪೆಡಲ್ ಭಾವ. ಗಿಟಾರ್‌ಗೂ ಆಂಪ್ಲಿಫೈಯರ್‌ಗೂ ಮಧ್ಯ ಕೂರ್ಸೋದು. ಕಾಲಲ್ಲಿ ಒತ್ತಿದ್ರೆ ಗಿಟಾರ್‌ಗೆ ಒಸಿ ಗಂಟ್ಲು ಕಟ್ದಂಗೆ ಆಯ್ತದೆ."

"ಗಡಿಯಾರ ಕೊಟ್ಟು ಗಂಟ್ಲು ಕಟ್ಟಿಸ್ಕೊಂಡು ಬಂದ್ಯಾ? ಐಸ್‌ಕ್ಯಾಂಡಿ ತಿಂದಿದ್ರೆ ಆಗ್ತಿರ್ಲಿಲ್ವೇನ್ಲಾ?"

ಅವನು ನಗಲಿಲ್ಲ. ಮುಖ್ಯವಾದ ಸಂಗತಿ ಇನ್ನೂ ಇತ್ತು. ಆ ಪೆಟ್ಟಿಗೆ ಒಂಬತ್ತು ವೋಲ್ಟಿನ ಒಂದು ಚೌಕ ಬ್ಯಾಟರಿಯಲ್ಲಿ ನಡೆಯುವಂಥದ್ದು. ಆದರೆ ಆ ಹಿರಿಯರು ಇವನ ಕಿವಿಯಲ್ಲಿ ಮಂತ್ರ ಊದಿ ಕಳಿಸಿದ್ದರು: ಒಂಬತ್ತು ಕೊಟ್ಟರೆ ಅದು ಉಸಿರುಗಟ್ಟಿ ಹಾಡುತ್ತದೆ. ಎರಡು ಬ್ಯಾಟರಿ ಜೋಡಿಸಿ ಹದಿನೆಂಟು ಕೊಡು, ಆಗ ನೋಡು! ಅಷ್ಟೇ ಸಾಕಾಯಿತು. ದೀಕ್ಷೆ ಪಡೆದವನ ಹಾಗೆ ಬಂದಿದ್ದ.

"ಎರಡು ಕೊಟ್ರೆ ಜೋರಾಗಿ ಕೂಗ್ತದಾ?" ಎಂದೆ.

"ಜೋರಲ್ಲ ಭಾವ. ಜಾಗ ಸಿಕ್ತದೆ. ಒಂಬತ್ರಲ್ಲಿ ತುಂಬಿದ ಟೆಂಪೋದಾಗೆ ಮುದುರ್ಕೊಂಡು ಆಡ್ದಂಗೆ. ಹದಿನೆಂಟ್ರಲ್ಲಿ ಚುಂಚನಕಟ್ಟೆ ಕಟ್ಟೆ ಮೇಲೆ ನಿಂತು, ನೀರು ನೋಡ್ಕೊಂಡು ಆಡ್ದಂಗೆ. ರಾಗ ಅದೇಯ, ಗಂಟ್ಲು ಅದೇಯ. ಎದೆ ಬಿಚ್ಕೊತದೆ ಅಷ್ಟೆ."

ಎಂಥ ಮಾತು! ಈಗ ಬರೆಯುವಾಗ ಚೆನ್ನಾಗಿದೆ ಎನ್ನಿಸುತ್ತದೆ. ಆಗ ನಾನು ಚಹಾ ಮೂಗಿಗೇರುವಷ್ಟು ನಕ್ಕಿದ್ದೆ.

ಹೊಸದಾಗಿ ಮತಕ್ಕೆ ಸೇರಿದವನು ಸುಮ್ಮನಿರುತ್ತಾನೆಯೆ? ಜಗತ್ತಿನಲ್ಲಿ ಬ್ಯಾಟರಿ ಹಾಕುವ ಪ್ರತಿಯೊಂದು ವಸ್ತುವೂ ಉಸಿರುಗಟ್ಟಿ ನರಳುತ್ತಿದೆ ಎಂದು ಅವನಿಗೆ ಕಾಣತೊಡಗಿತು. ಮೊದಲು ಟಾರ್ಚು. ಒಂದು ಸೆಲ್ಲು ಹೆಚ್ಚಿಗೆ ತುರುಕಿ ಒತ್ತಿದ. ಹಟ್ಟಿಯೆಲ್ಲ ಹಗಲಾಯಿತು, ಎದುರು ಮನೆಯ ಕೋಳಿ ಕೂಗಿತು, ಬಲ್ಬು ಸತ್ತಿತು. ಆಮೇಲೆ ಅವರಪ್ಪನ ರೇಡಿಯೋ. ಕೃಷಿ ವಾರ್ತೆ ಓದುತ್ತಿದ್ದವರು ಒಂದು ಸಲ ಕಿರುಚಿ, ಹೊಗೆಯ ವಾಸನೆ ಬಿಟ್ಟು, ಮತ್ತೆ ಮಾತಾಡಲಿಲ್ಲ. ನನ್ನ ಮಾವನವರು ಮೂರು ದಿನ ಮಗನ ಜೊತೆ ಮಾತು ಬಿಟ್ಟು, ನಾಲ್ಕನೆಯ ದಿನ ಬಾಯಿ ತೆರೆದರು: "ಲೇ, ಡಾಕ್ಟ್ರು ಒಂದು ಸೂಜಿ ಚುಚ್ಚು ಅಂದ್ರೆ ಎರಡು ಚುಚ್ಬುಟ್ರೆ ಕಾಯ್ಲೆ ಬೇಗ ಓಯ್ತದೇನ್ಲಾ? ರೋಗಿ ಓಯ್ತಾನೆ!"

ಆದರೆ ಅವನಿಗೆ ಬುದ್ಧಿ ಬಂದದ್ದು ಆ ರೇಡಿಯೋದಿಂದಲೇ. ಅದನ್ನು ಬಿಚ್ಚಿ ಸುಟ್ಟದ್ದು ಯಾವುದು ಎಂದು ನೋಡಿದ. ಪೆಡಲನ್ನೂ ಬಿಚ್ಚಿ, ಒಳಗಿನ ಸಾಮಾನುಗಳ ಮೇಲೆ ಎಷ್ಟು ವೋಲ್ಟು ತಡೆಯುತ್ತದೆಂದು ಬರೆದಿದ್ದನ್ನು ಓದಿದ. ಇಪ್ಪತ್ತೈದಂತೆ. "ಎಲ್ಲಕ್ಕೂ ಆಗಲ್ಲ ಭಾವ. ಯಾವುದು ತಡೀತದೋ ಅದಕ್ಕೆ ಮಾತ್ರ ಕೊಡ್ಬೇಕು" ಎಂದ. ನನಗೆ ನಿರಾಸೆಯೇ ಆಯಿತು. ಹುಚ್ಚರು ಹೀಗೆ ಅರ್ಧಕ್ಕೆ ಜಾಣರಾಗಿಬಿಟ್ಟರೆ ನಗುವವರ ಗತಿಯೇನು?

ಎರಡು ಬ್ಯಾಟರಿ ಇಡಲು ಒಂದು ಹಳೆಯ ಸೋಪಿನ ಡಬ್ಬಿ ಹುಡುಕಿದ. ಒಳಗೆ ಎರಡು ಕ್ಲಿಪ್ಪು, ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ವೇದಿಕೆಯ ಮೇಲೆ ಕುಣಿಯುವವರು ತುಳಿದಾರೆಂದು ಉದ್ದನೆಯ ವೈರು ಹಾಕಿ ಆ ಡಬ್ಬಿಯನ್ನು ಕೆಳಗೆ ನನ್ನ ಆಂಪ್ಲಿಫೈಯರಿನ ಪಕ್ಕದಲ್ಲಿಡುತ್ತಿದ್ದ. "ಇದು ನಿಮ್ ಸುಪರ್ದಿಗೆ ಭಾವ" ಎನ್ನುತ್ತಿದ್ದ. ತೊಟ್ಟಿಲ ಮಗುವನ್ನು ಒಪ್ಪಿಸಿ ಹೋಗುವ ಬಾಣಂತಿ ಕೂಡ ಅಷ್ಟು ಸಲ ತಿರುಗಿ ನೋಡುವುದಿಲ್ಲ.

ಹೆಣ್ಣು ನೋಡಲು ಎಚ್.ಡಿ. ಕೋಟೆಗೆ ಹೋದದ್ದನ್ನು ಹೇಳಲೇಬೇಕು. ಉಪ್ಪಿಟ್ಟು ಬಂತು, ಹುಡುಗಿ ಬಂದಳು. ಅಷ್ಟರಲ್ಲಿ ಯಾರೋ ಬಾಗಿಲ ಬೆಲ್ಲು ಒತ್ತಿದರು. ನಮ್ಮವನು ಹುಡುಗಿಯನ್ನು ನೋಡುವುದು ಬಿಟ್ಟು ಬಾಗಿಲ ಕಡೆ ಕತ್ತು ತಿರುಗಿಸಿದ.

"ನಿಮ್ ಬೆಲ್ಲಿನ ಬ್ಯಾಟ್ರಿ ಇಳ್ದದೆ" ಎಂದ, ಭಾವೀ ಮಾವನಿಗೆ.

"ನೆನ್ನೆ ತಾನೆ ಹೊಸದು ಹಾಕ್ಸಿದೀನಿ ಕಣ್ರೀ."

"ಇಲ್ಲ, ಇಳ್ದದೆ. ಶ್ರುತಿ ಕೆಳಗೆ ಬಂದದೆ."

ಬಿಚ್ಚಿ ನೋಡಿದರೆ ಅಂಗಡಿಯವನು ಹಳೆಯ ಸೆಲ್ಲನ್ನೇ ಹೊಸದೆಂದು ಕೊಟ್ಟಿದ್ದ! ಅಲ್ಲಿಗೆ ನಿಲ್ಲಿಸಿದ್ದರೆ ಲಗ್ನವಾಗುತ್ತಿತ್ತು. ಆದರೆ ಜೇಬಿನಲ್ಲಿ ಯಾವಾಗಲೂ ಎರಡು ಚೌಕ ಬ್ಯಾಟರಿ ಇರುತ್ತಿದ್ದವಲ್ಲ! "ಇದು ತಡೀತದೆ" ಎಂದು ಜೋಡಿಸಿಯೇಬಿಟ್ಟ. ಬೆಲ್ಲು ಹೊಡೆದುಕೊಳ್ಳಲು ಶುರುವಾಗಿದ್ದು ಸ್ವಿಚ್ಚು ಬಿಟ್ಟರೂ ನಿಲ್ಲಲಿಲ್ಲ. ಬೀದಿಯವರು ಬೆಂಕಿ ಬಿತ್ತೇನೋ ಎಂದು ಬಿಂದಿಗೆ ಹಿಡಿದು ಬಂದರು.

"ನೀವು ಎಣ್ಣು ಕೇಳಕ್ ಬಂದ್ರೋ, ಗಂಟೆ ಒಡೆಯಕ್ ಬಂದ್ರೋ?" ಎಂದು ಹುಡುಗಿಯ ಅಪ್ಪ ಕೂಗಿದರು. ಉತ್ತರ ಯಾರಿಗೂ ಕೇಳಿಸಲಿಲ್ಲ. ಹುಡುಗಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನನಗೆ ಕಂಡಿತು. ಅವಳ ಅಪ್ಪನಿಗೆ ಕಾಣಲಿಲ್ಲ. ನಾವು ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದೆವು.

ಇಷ್ಟರವರೆಗೆ ನನಗೆ ಖುಷಿಯೇ. ಚಹಾ ಅಂಗಡಿಯಲ್ಲಿ ಹೇಳಲು ದಿನಕ್ಕೊಂದು ಕಥೆ! ಆದರೆ ಪಿರಿಯಾಪಟ್ಟಣದ ಒಂದು ಸಮಾರಂಭದಲ್ಲಿ ಅವನ ಪೆಡಲಿನ ಎದೆ ಬಿಚ್ಚಿಕೊಂಡ ಸ್ವರಕ್ಕೆ ನನ್ನ ಹಾರ್ನಿನ ಎದೆಯೊಡೆದು ಹೋಯಿತು. 'ಪರ್' ಎಂದದ್ದೇ ಒಳಗೆ ಶಬ್ದ ಹೊರಡಿಸುವ ಯೂನಿಟ್ಟಿನ ಪರದೆ ಹರಿಯಿತು. ಆಮೇಲೆ ಮುಖ್ಯ ಅತಿಥಿಗಳು ಮಾತಾಡಲು ನಿಂತರೆ ಜಿರಳೆಗೆ ಕೆಮ್ಮು ಬಂದ ಹಾಗೆ ಕೇಳುತ್ತಿತ್ತು. ಅವರು ಎರಡೇ ನಿಮಿಷಕ್ಕೆ ಕುಳಿತರು. ಜನ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆ ಯಾವ ಭಾಷಣಕ್ಕೂ ಕಂಡಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಬೇರೆ ಹಾರ್ನು ಕಟ್ಟಿ, ಆವತ್ತೇ ಮೈಕಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, "ಇದು ನಮ್ಮ ಹದಿನೆಂಟು ವೋಲ್ಟು ಮಾಡಿದ ಕೆಲಸ" ಎಂದುಬಿಟ್ಟೆ. ಆ ಹೆಸರು ನನ್ನ ಹಾರ್ನಿಗಿಂತ ಗಟ್ಟಿಯಾಗಿತ್ತು, ಹರಿಯಲೇ ಇಲ್ಲ.

ಅದಾದ ಸ್ವಲ್ಪ ದಿನಕ್ಕೆ ಕೆ.ಆರ್. ನಗರದಲ್ಲಿ ಆಟೋ ಚಾಲಕರ ರಾಜ್ಯೋತ್ಸವ. ಮೈಸೂರಿನಿಂದ ದೊಡ್ಡ ಆರ್ಕೆಸ್ಟ್ರಾ. ಅವರ ಗಿಟಾರಿನವನು ಬಿಟ್ಟುಹೋಗುವವನಿದ್ದ. ಅದರ ಯಜಮಾನರು, "ನಿಮ್ಮ ಹುಡುಗ ಎರಡು ಹಾಡಿಗೆ ಬಾರಿಸಲಿ, ಕೇಳ್ತೀನಿ. ಹಿಡಿಸಿದ್ರೆ ನಮ್ ಜೊತೆ ಖಾಯಂ" ಎಂದಿದ್ದರು. ಭಾವಮೈದನಿಗೆ ಅದಕ್ಕಿಂತ ದೊಡ್ಡ ವರ ಇನ್ನೊಂದಿರಲಿಲ್ಲ. ಹಿಂದಿನ ದಿನವೇ ನಮ್ಮ ಮನೆಗೆ ಬಂದು, ಎರಡು ಹೊಸ ಬ್ಯಾಟರಿಗಳನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ.

ನನ್ನ ಹೊಟ್ಟೆಯಲ್ಲಿ ಹಾರ್ನಿನ ಉರಿ ಇನ್ನೂ ಆರಿರಲಿಲ್ಲ. ಅವನು ಹಿತ್ತಲಿಗೆ ಹೋದಾಗ ಹೆಂಡತಿಗೆ ಹೇಳಿದೆ: "ನೋಡ್ತಾ ಇರು, ನಾಳೆ ಒಂದು ಬ್ಯಾಟ್ರಿ ಕಿತ್ ಹಾಕ್ತೀನಿ. ನಿನ್ ತಮ್ಮನಿಗೆ ಗೊತ್ತೇ ಆಗಲ್ಲ. ಒಂಬತ್ತೂ ಒಂದೇ ಹದಿನೆಂಟೂ ಒಂದೇ."

"ಅಂಗೆಲ್ಲಾ ಮಾಡ್ಬೇಡಿ. ಅವನಿಗೆ ಗೊತ್ತಾಯ್ತದೆ" ಎಂದಳು, ರೊಟ್ಟಿ ತಟ್ಟುತ್ತಲೇ. ತಲೆಯೆತ್ತಿ ಕೂಡ ನೋಡಲಿಲ್ಲ. ಆ ನಂಬಿಕೆಯೇ ನನ್ನನ್ನು ಕೆರಳಿಸಿತೆಂದು ಕಾಣುತ್ತದೆ.

ಕೆ.ಆರ್. ನಗರದಲ್ಲಿ ಅವನು ಡಬ್ಬಿಯನ್ನು ನನ್ನ ಪಕ್ಕದಲ್ಲಿಟ್ಟು, ಮೂರು ಸಲ ತಿರುಗಿ ನೋಡಿ ವೇದಿಕೆ ಹತ್ತಿದ. ನಾನು ರಬ್ಬರ್ ಬ್ಯಾಂಡು ತೆಗೆದೆ. ಒಂದು ಬ್ಯಾಟರಿ ಕಿತ್ತು ಅಂಗಿಯ ಜೇಬಿಗೆ ಹಾಕಿದೆ. ಖಾಲಿ ಕ್ಲಿಪ್ಪಿನ ಎರಡು ಗುಂಡಿಗಳ ನಡುವೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಡಿಸಿಟ್ಟು, ಉಳಿದ ಒಂದೇ ಬ್ಯಾಟರಿಯ ಕರೆಂಟು ಹರಿಯಲು ದಾರಿ ಮಾಡಿಕೊಟ್ಟೆ. ಮುಚ್ಚಳ ಮುಚ್ಚಿದೆ. ಹಾಡು ಮುಗಿದ ಮೇಲೆ ಬ್ಯಾಟರಿ ಎತ್ತಿ ತೋರಿಸಿ ಎಲ್ಲರ ಮುಂದೆ ನಗಬೇಕೆಂಬುದು ನನ್ನ ಲೆಕ್ಕಾಚಾರ. ತಮಾಷೆ, ಅಷ್ಟೇ!

ಮೊದಲ ಹಾಡು ಶುರುವಾಯಿತು. ಅವನು ಪೆಡಲ್ ಒತ್ತಿದ. ನಾನು ಕಿವಿಗೊಟ್ಟು ಕೇಳಿದೆ. ಏನೂ ವ್ಯತ್ಯಾಸವಿಲ್ಲ! ಯಜಮಾನರು ತಲೆದೂಗುತ್ತಿದ್ದರು. ಆಟೋದವರು ಸಿಳ್ಳೆ ಹೊಡೆಯುತ್ತಿದ್ದರು. ಇಡೀ ಕೆ.ಆರ್. ನಗರದಲ್ಲಿ ಒಬ್ಬನೇ ಒಬ್ಬ, ಮೊದಲ ಮೀಟಿಗೇ, ಕರು ಬದಲಾಯಿಸಿದರೆ ಹಸು ತಿರುಗಿ ನೋಡುತ್ತದಲ್ಲ, ಹಾಗೆ ತಿರುಗಿ ನನ್ನ ಕಡೆ ನೋಡಿದ.

ಹಾಡು ಮುಗಿದದ್ದೇ ಕೆಳಗೆ ಓಡಿಬಂದ.

"ಭಾವ, ಒಂದು ಓಗ್ಬುಟ್ಟದೆ."

"ಏನ್ಲಾ ಓಗಿರೋದು?"

"ಬ್ಯಾಟ್ರಿ. ಒಂಬತ್ತೇ ಬತ್ತಾ ಅದೆ. ನೋಡಿ ಒಸಿ."

ನನ್ನ ಎಣಿಕೆಯ ಪ್ರಕಾರ ಆಗ ಸೋತಿದ್ದವನು ನಾನು. ಜೇಬಿನಿಂದ ತೆಗೆದು, "ಗೆದ್ದೆ ಕಣ್ಲಾ!" ಎಂದು ಬೆನ್ನು ತಟ್ಟಿದ್ದರೆ ಆಗುತ್ತಿತ್ತು. ಅದಕ್ಕಿಂತ ಒಳ್ಳೆಯ ತಮಾಷೆ ಬೇರೆ ಯಾವುದಿತ್ತು? ಆದರೆ ಪಕ್ಕದಲ್ಲಿ ಯಜಮಾನರಿದ್ದರು, ಆಟೋದವರಿದ್ದರು. ಇಷ್ಟು ವರ್ಷ ಶಬ್ದ ಮಾರಿದವನಿಗೆ ಕೇಳಿಸದ್ದು ಈ ರಾವಂದೂರಿನ ಹೈದನಿಗೆ ಕೇಳಿಸಿತೆಂದು ಒಪ್ಪಬೇಕಿತ್ತು. ನಾಲಗೆ ತಾನಾಗಿಯೇ ಬೇರೆ ಕಡೆಗೆ ಹೊರಳಿತು.

"ಎರಡೂ ಅವೆ ಕಣ್ಲಾ. ಈಗ ತಾನೆ ನೋಡ್ದೆ. ಓಗು, ಬಾರ್ಸು."

"ನಿಜ್ವಾ ಭಾವ?"

"ನಿನಗೆ ನಾನ್ ಸುಳ್ಳು ಯೋಳ್ತೀನಾ?"

ಅವನು ಡಬ್ಬಿಯ ಕಡೆ ಕೈ ಚಾಚಿದವನು ಹಿಂದಕ್ಕೆ ತೆಗೆದ. ತೆರೆದು ನೋಡಿದರೆ ಭಾವನ ಮಾತನ್ನು ನಂಬದ ಹಾಗಾಗುತ್ತದಲ್ಲ! "ನೀವು ನೋಡಿದ್ರೆ ಸರಿ ಬುಡಿ" ಎಂದು ವೇದಿಕೆ ಹತ್ತಿದ. ನನ್ನ ಕೈ ಅಂಗಿಯ ಜೇಬಿನ ಮೇಲಿತ್ತು.

ಎರಡನೆಯ ಹಾಡಿನಲ್ಲಿ ಅವನು ಗಿಟಾರು ಬಾರಿಸಲಿಲ್ಲ, ಕಳೆದುಹೋದ ಒಂಬತ್ತನ್ನು ಹುಡುಕಿದ. ಕತ್ತು ವಾಲಿಸಿ, ಹುಬ್ಬು ಗಂಟಿಕ್ಕಿ, ಪ್ರತಿಯೊಂದು ಸ್ವರದ ಹಿಂದೆಯೂ ಹೋಗಿ ನೋಡಿ ಬಂದ. ಹಾಗೆ ಹುಡುಕುತ್ತ, ಪಲ್ಲವಿ ಮುಗಿದು ಗಿಟಾರು ಒಂದೇ ಬರಬೇಕಾದ ಕಡೆ ಬರಲೇ ಇಲ್ಲ. ಒಂದು ಕ್ಷಣ ಇಡೀ ಆರ್ಕೆಸ್ಟ್ರಾ ಬಾಯಿ ತೆರೆದು ನಿಂತಿತು. ಯಾರೋ ಹಿಂದಿನಿಂದ ಕೂಗಿದರು: "ಲೇ ಹದಿನೆಂಟು ವೋಲ್ಟು, ಕರೆಂಟು ಓಯ್ತೇನ್ಲಾ?" ನಗು ಎದ್ದಿತು. ಆ ಹೆಸರು ಕೆ.ಆರ್. ನಗರಕ್ಕೂ ತಲುಪಿದೆಯೆಂದು ನನಗೆ ಆವತ್ತೇ ಗೊತ್ತಾದದ್ದು.

ಯಜಮಾನರು ಒಳ್ಳೆಯವರು. "ಹುಡುಗ ಚೆನ್ನಾಗಿದ್ದಾನೆ. ಯಾಕೋ ಗಮನ ಇಲ್ಲಿಲ್ಲ" ಎಂದಷ್ಟೇ ಹೇಳಿ ಹೋದರು. ಭಾವಮೈದ ವೇದಿಕೆ ಇಳಿದು ಬರುವಷ್ಟರಲ್ಲಿ ನಾನು ಬೆಳ್ಳಿ ಕಾಗದ ಕಿತ್ತು ಬ್ಯಾಟರಿಯನ್ನು ಡಬ್ಬಿಗೆ ಸೇರಿಸಿಬಿಟ್ಟಿದ್ದೆ.

ವಾಪಸು ಬರುತ್ತ ಬಿಳಿಕೆರೆಯಲ್ಲಿ ಚಹಾಕ್ಕೆಂದು ಟೆಂಪೋ ನಿಲ್ಲಿಸಿದೆವು. ಅವನು ಲೋಟ ಹಿಡಿದುಕೊಂಡೇ ನಿಂತಿದ್ದ.

"ಭಾವ, ನನ್ ಕಿವಿ ಕೆಟ್ಟದೆ ಅನ್ಸುತ್ತೆ."

ಹೇಳಲು ಇನ್ನೊಂದು ಅವಕಾಶ! ದೇವರು ಪಾಪಿಗಳಿಗೆ ಎಷ್ಟೊಂದು ನಿಲ್ದಾಣ ಕೊಡುತ್ತಾನೆ ನೋಡಿ. ನಾನು ಏನೆಂದೆ? "ಗುಗ್ಗೆ ಕಟ್ಟಿರ್ಬೇಕು, ತೆಗೆಸು" ಎಂದೆ.

ಮನೆಗೆ ಬಂದರೆ ಹೆಂಡತಿ ಕೇಳಿದಳು: "ಬ್ಯಾಟ್ರಿ ಕಿತ್ತಿರೇನು?"

"ಇಲ್ಲ ಕಣೆ. ಪಾಪ ಅನ್ನಿಸ್ತು, ಬುಟ್ಬುಟ್ಟೆ."

ಮಾರನೆಯ ಬೆಳಿಗ್ಗೆ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಒಂದು ಮುದ್ದೆ ಹೆಚ್ಚಿಗೆ ಬಿತ್ತು. ಒಳ್ಳೆಯತನಕ್ಕೆ! ತಿಂದೆ. ರುಚಿಯಾಗಿಯೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಅವನು ನನ್ನ ಮಾತು ಕೇಳಿ ಮೈಸೂರಿಗೆ ಹೋಗಿ ಕಿವಿ ತೋರಿಸಿದ. ಡಾಕ್ಟರು ಚೂರು ಗುಗ್ಗೆ ತೆಗೆದು, "ಇರುವೆ ನಡೆದರೂ ಕೇಳಿಸುವಂಥ ಕಿವಿ" ಎಂದು ಕಳಿಸಿದರಂತೆ. ಅವನು ನಂಬಲಿಲ್ಲ. ಡಾಕ್ಟರು ಪರರು, ನಾನು ಭಾವ! ಅದನ್ನೂ ನಾನು ಚಹಾ ಅಂಗಡಿಯಲ್ಲಿ ಹೇಳಿ ನಗಿಸಿದೆ. ಒಂದು ದಿನ ಅಂಗಡಿಗೆ ಗಿಟಾರು ತಂದ. ತಂತಿ ಬಿಗಿದು, ಮೀಟಿ, ಕಣ್ಣು ಮುಚ್ಚಿದ. ನಾನು "ಈಗ ಕೂತ್ಕೊಂತು" ಎನ್ನುವುದನ್ನು ಕಾಯುತ್ತಿದ್ದೆ. ಅವನು ಕಣ್ಣು ತೆರೆದು ನನ್ನ ಮುಖ ನೋಡಿ ಕೇಳಿದ: "ಸರಿಯಾಗಿ ಅದಾ ಭಾವ?"

ನನ್ನನ್ನು ಕೇಳಿದ! ಒಂಬತ್ತಕ್ಕೂ ಹದಿನೆಂಟಕ್ಕೂ ವ್ಯತ್ಯಾಸ ತಿಳಿಯದ ನನ್ನನ್ನು!

"ಸರಿಯಾಗಿ ಅದೆ" ಎಂದೆ. ಮತ್ತೇನು ಹೇಳಲಿ? ಅದಾದ ಮೇಲೆ ಗಿಟಾರು ನಮ್ಮ ಮನೆಯ ಅಟ್ಟ ಸೇರಿತು. ಪೆಡಲು ಎಲ್ಲಿಗೆ ಹೋಯಿತೋ ಕೇಳಲಿಲ್ಲ. ಅವನು ತಂಬಾಕು ಹದ ಮಾಡುವ ಬ್ಯಾರನ್ ನೋಡಿಕೊಳ್ಳಲು ನಿಂತ. ಬೇರೆಯವರು ಬಾಗಿಲ ಬಳಿ ಮೂಗೊಡ್ಡಿ ಶಾಖ ಹೇಳುತ್ತಾರೆ. ಇವನು ಥರ್ಮಾಮೀಟರ್ ನೋಡಿ, ಕಣ್ಣೊರೆಸಿಕೊಂಡು, ಮತ್ತೊಬ್ಬರನ್ನು ಕರೆದು ತೋರಿಸಿಯೇ ಸೌದೆ ಹಾಕುತ್ತಿದ್ದ. ಜನ ಮೆಚ್ಚಿದರು. ಎಚ್.ಡಿ. ಕೋಟೆಯವರೂ, "ಹುಡುಗ ದಾರಿಗೆ ಬಂದ" ಎಂದು ತಾವಾಗಿಯೇ ಬಂದು ಹೆಣ್ಣು ಕೊಟ್ಟರು. ಲಗ್ನಪತ್ರಿಕೆ ನೋಡಿದವರು, "ಇದ್ಯಾರಪ್ಪ ಮದುವೆಗಂಡು?" ಎಂದು ಕೇಳಿದ್ದರಿಂದ ನಾನೇ ಊರಿನಲ್ಲಿ ಹಂಚುವಾಗ "ಅದೇ, ಹದಿನೆಂಟು ವೋಲ್ಟು" ಎಂದು ಬಿಡಿಸಿ ಹೇಳಬೇಕಾಯಿತು.

ಆ ಹುಡುಗಿ, ಈಗ ನನ್ನ ತಂಗಿಯ ಸಮಾನ, ಒಮ್ಮೆ ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತ ಹೇಳಿದಳು: "ಅಣ್ಣ, ನಾನು ಒಪ್ಕೊಂಡಿದ್ದು ಆವತ್ತು ಗಂಟೆ ಒಡೆದೋರ್ನ. ಬಂದೋರು ಬ್ಯಾರೆ."

ಅಪಹಾಸ್ಯ ಮಾಡಿದಳೆಂದುಕೊಂಡು ನಕ್ಕೆ. ಅವಳು ನಗುತ್ತಿರಲಿಲ್ಲ.

ಮೊನ್ನೆ ರಾವಂದೂರಿಗೆ ಹೋಗಿದ್ದೆ. ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದೆವು. ಅವನ ತಲೆಯೂ ನೆರೆತಿದೆ. ಗೂಡಿನಲ್ಲಿದ್ದ ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದರು. ಇದ್ದಕ್ಕಿದ್ದಂತೆ ಅವನು ಕತ್ತು ವಾಲಿಸಿದ. ಆ ವಾಲಿಕೆ ನನಗೆ ಗೊತ್ತು.

"ಬ್ಯಾಟ್ರಿ ಇಳೀತಾ ಅದೆ" ಎಂದ. ಮರುಕ್ಷಣವೇ ಮುಖ ಸಣ್ಣ ಮಾಡಿಕೊಂಡು ನನ್ನ ಕಡೆ ತಿರುಗಿದ. "ಅಲ್ವೇನೋ. ನಿಮಗೆ ಎಂಗೆ ಕೇಳ್ತದೆ ಭಾವ?"

ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಈ ಸಲ "ಸರಿಯಾಗಿ ಅದೆ" ಎನ್ನಲಿಲ್ಲ. ಎರಡು ಹಾಡು ಕಳೆಯುವಷ್ಟರಲ್ಲಿ ರೇಡಿಯೋದವರ ದನಿ ಕುಗ್ಗುತ್ತ, ಕುಗ್ಗುತ್ತ, ನಿಂತೇಹೋಯಿತು. ಅವನು ಎದ್ದು ಬೇರೆ ಸೆಲ್ಲು ಹುಡುಕಲು ಒಳಗೆ ಹೋದ.

ನನ್ನ ಹೆಂಡತಿ ಇದನ್ನು ಓದುತ್ತಾಳೆ. ಆವತ್ತಿನ ಬೆಣ್ಣೆಯನ್ನು ವಾಪಸು ಕೇಳಿದರೆ ಎಲ್ಲಿಂದ ತರಲಿ? ಬೈಯಲಿ. ಬೈದಾದ ಮೇಲೆ, ಅಟ್ಟದಿಂದ ಗಿಟಾರು ಇಳಿಸಿ, ಈ ಹಾಳೆಗಳ ಜೊತೆ ರಾವಂದೂರಿನ ಬಸ್ಸು ಹತ್ತಲಿ. ಓದುಗರು ಒಂದು ಗಳಿಗೆ ಕ್ಷಮಿಸಬೇಕು, ಕೊನೆಯ ಮಾತು ನಿಮಗಲ್ಲ, ಅವನಿಗೆ.

ಆವತ್ತು ಇದ್ದದ್ದು ಒಂಬತ್ತೇ ಕಣೋ. ಇನ್ನೊಂದು ನನ್ನ ಜೇಬಿನಲ್ಲಿತ್ತು. ನಿನ್ನ ಕಿವಿ ಆವತ್ತೂ ಸರಿಯಾಗಿತ್ತು, ಮೊನ್ನೆಯೂ ಸರಿಯಾಗಿತ್ತು. ತಂತಿ ಕೂತ್ಕೊಂತೋ ಇಲ್ಲವೋ ಎಂದು ಇನ್ನು ಯಾರನ್ನೂ ಕೇಳಬೇಡ, ನನ್ನನ್ನಂತೂ ಕೇಳಲೇಬೇಡ. ತಪ್ಪಾಯಿತು ಕಣೋ, ನಿಂಗರಾಜ.